ಬೆನ್ನ ಮೇಲಿನ ಐದು ಗುರುತು

ಮೂಳೆ ಸ್ಕ್ಯಾನಿಗೆ ಬಂದವರಿಗೆಲ್ಲ ನಾನು ಮೊದಲು ಹೇಳುತ್ತಿದ್ದದ್ದು ಒಂದೇ ಮಾತು: ನೀರು ಕುಡಿಯಿರಿ, ಚೆನ್ನಾಗಿ ಕುಡಿಯಿರಿ, ಮೂತ್ರ ಬಂದರೆ ತಡೆದುಕೊಳ್ಳಬೇಡಿ. ಕೈಯ ನರಕ್ಕೆ ಕೊಡುವ ಇಂಜೆಕ್ಷನ್ನಿನಲ್ಲಿ ತೀರಾ ಸ್ವಲ್ಪ ವಿಕಿರಣ ವಸ್ತು ಇರುತ್ತದೆ. ಅದು ರಕ್ತದಲ್ಲಿ ಸುತ್ತಾಡಿ ಮೂಳೆಗಳಲ್ಲಿ ಹೋಗಿ ಕೂರಲು ಸುಮಾರು ಮೂರು ಗಂಟೆ ಬೇಕು. ಮಿಕ್ಕದ್ದು ಮೂತ್ರದಲ್ಲಿ ಹೊರಗೆ ಹೋಗಬೇಕು. ಆ ಮೂರು ಗಂಟೆ ರೋಗಿ ಒಳಗಿನ ಕೋಣೆಯಲ್ಲಿ, ಜೊತೆಗೆ ಬಂದವರು ಗಾಜಿನ ಬಾಗಿಲಿನ ಆಚೆ.

ಅವತ್ತು ಇಂಜೆಕ್ಷನ್ ಕೊಟ್ಟದ್ದು ಒಬ್ಬರಿಗೆ, ನೀರು ಕುಡಿದದ್ದು ಇಬ್ಬರು. ಒಳಗೆ ಕೂತ ಹೆಂಗಸು ಒಂದು ಲೋಟ ಎತ್ತಿದರೆ ಬಾಗಿಲಿನ ಆಚೆ ಕೂತಿದ್ದ ದಪ್ಪನೆಯ ಹೆಂಗಸೂ ಬಾಟಲಿ ಎತ್ತುತ್ತಿದ್ದರು. ನಿಮಗೇನೂ ಇಂಜೆಕ್ಷನ್ ಕೊಟ್ಟಿಲ್ಲವಲ್ಲ, ನೀವ್ಯಾಕೆ ಕುಡಿಯುತ್ತಿದ್ದೀರಿ ಎಂದು ಕೇಳಿದೆ.

"ಅಕ್ಕ ಒಬ್ರೇ ಕುಡೀಬೇಕಲ್ಲ ಡಾಕ್ಟ್ರೇ, ಅದಕ್ಕೆ ಕಂಪನಿ ಕೊಡ್ತಿದೀನಿ" ಎಂದರು.

ಇಬ್ಬರೂ ಓರಗಿತ್ತಿಯರು, ಅಂದರೆ ಅಣ್ಣ ತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು. ಬಾಪೂಜಿ ನಗರದ ಒಂದು ಗಲ್ಲಿಯಲ್ಲಿ ಒಟ್ಟಿಗೇ ಇಡ್ಲಿ ದೋಸೆ ಹಿಟ್ಟು ರುಬ್ಬಿ ಮಾರುತ್ತಿದ್ದರು. ರೋಗಿ ಹಿರಿಯವರು. ವಯಸ್ಸು ನಲವತ್ತೈದರ ಆಸುಪಾಸು, ಒಣಕಲು ಮೈ, ಮಾತು ಕಡಿಮೆ. ಕಿರಿಯವರು ಅದಕ್ಕೆ ತದ್ವಿರುದ್ಧ. ಇಬ್ಬರ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು.

ಇದು ಎರಡು ಸಾವಿರದ ದಶಕದ ನಡುವಿನ ಮಾತು. ರಾಜಾಜಿನಗರದ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಮ್ಮ ವಿಭಾಗ ಇತ್ತು. ಪೆಟ್ ಸ್ಕ್ಯಾನ್ ಎಂಬುದು ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಕ್ಯಾನ್ಸರ್ ಮೂಳೆಗೆ ಹರಡಿದೆಯೋ ಇಲ್ಲವೋ ನೋಡಬೇಕಾದರೆ ಎಲ್ಲರೂ ಮೆಟ್ಟಿಲಿಳಿದು ನನ್ನ ಹತ್ತಿರವೇ ಬರಬೇಕಿತ್ತು.

ಹಿರಿಯವರ ಎಡ ಎದೆಯಲ್ಲಿ ಗಂಟು. ಸೂಜಿ ಹಾಕಿ ಪರೀಕ್ಷೆ ಮಾಡಿ ಕ್ಯಾನ್ಸರ್ ಎಂದು ಖಚಿತವಾಗಿತ್ತು. ಗಂಟು ಸಣ್ಣದು, ಕಂಕುಳಲ್ಲೂ ಹೆಚ್ಚೇನೂ ಇರಲಿಲ್ಲ. ಬೇಗ ತೆಗೆದರೆ ವಾಸಿಯಾಗುವ ಜಾತಿಯದ್ದು. ಮುಂದಿನ ವಾರ ಆಪರೇಷನ್ ಎಂದು ಗೊತ್ತೂ ಆಗಿತ್ತು. ಸರ್ಜನ್ ಕೋಣೆಯಿಂದ ಹೊರಡುವಾಗ ಸುಮ್ಮನಿರಲಾರದೆ "ಬೆನ್ನೂ ಸ್ವಲ್ಪ ನೋಯುತ್ತೆ" ಎಂದುಬಿಟ್ಟಿದ್ದರು. ಎದೆಯ ಕ್ಯಾನ್ಸರ್ ಇರುವ ಹೆಂಗಸು ಬೆನ್ನು ನೋವು ಎಂದರೆ ಯಾವ ಸರ್ಜನ್ನೂ ಸುಮ್ಮನೆ ಬಿಡುವುದಿಲ್ಲ. ಬಿಡಲೂಬಾರದು. ಮೂಳೆಗೆ ಹರಡಿದ್ದರೆ ಲೆಕ್ಕವೇ ಬೇರೆ. ಆಗ ಎದೆ ಕುಯ್ದು ಪ್ರಯೋಜನವಿಲ್ಲ; ಕೀಮೋ ಕೊಟ್ಟು, ನೋವು ಕಡಿಮೆ ಮಾಡಿ, ಇರುವಷ್ಟು ದಿನ ಚೆನ್ನಾಗಿಡಬೇಕು ಅಷ್ಟೆ. ವಾಸಿ ಎಂಬ ಮಾತನ್ನು ಆಮೇಲೆ ಯಾರೂ ಆಡುವುದಿಲ್ಲ.

ಮಧ್ಯಾಹ್ನ ಆಕೆಯನ್ನು ಕ್ಯಾಮೆರಾದ ಕೆಳಗೆ ಮಲಗಿಸಿದೆವು. ನಮ್ಮ ಕ್ಯಾಮೆರಾ ಬೆಳಕು ಬೀರುವುದಿಲ್ಲ, ಮೈಯಿಂದ ಬರುವ ಕಿರಣಗಳನ್ನು ಹಿಡಿದುಕೊಳ್ಳುತ್ತದೆ. ಎಲ್ಲಿ ಮೂಳೆ ಹೆಚ್ಚು ಚುರುಕಾಗಿ ಕೆಲಸ ಮಾಡುತ್ತಿದೆಯೋ ಅಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ. ತಲೆಬುರುಡೆ ಬಂತು, ಸ್ವಚ್ಛ. ಕತ್ತು, ಹೆಗಲು ಸ್ವಚ್ಛ. ಆಮೇಲೆ ಬೆನ್ನು ಬಂತು. ಬೆನ್ನುಮೂಳೆಯ ಆಚೀಚೆ, ಹಿಂಭಾಗದ ಕೆಳ ಪಕ್ಕೆಲುಬುಗಳಲ್ಲಿ, ಬಲಕ್ಕೆ ಮೂರು, ಎಡಕ್ಕೆ ಎರಡು ಕಪ್ಪು ಚುಕ್ಕೆ. ಸೊಂಟ, ತೊಡೆ, ಕಾಲು ಎಲ್ಲ ಮತ್ತೆ ಸ್ವಚ್ಛ.

ಟೆಕ್ನಿಷಿಯನ್ ನನ್ನ ಮುಖ ನೋಡಿದ. ನಾನು ಪರದೆಯನ್ನೇ ನೋಡುತ್ತಿದ್ದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ. ನಮ್ಮ ಕಸುಬಿನಲ್ಲಿ ಕಪ್ಪಗಿರುವುದೆಲ್ಲ ಕ್ಯಾನ್ಸರ್ ಅಲ್ಲ. ಸವೆದ ಕೀಲು ಕಪ್ಪಗೆ ಕಾಣುತ್ತದೆ, ಕೂಡಿಕೊಳ್ಳುತ್ತಿರುವ ಮುರಿದ ಮೂಳೆ ಕಪ್ಪಗೆ ಕಾಣುತ್ತದೆ, ಹುಟ್ಟಿನಿಂದ ಬಂದ ನಿರಪಾಯದ ಗಂಟುಗಳೂ ಕಾಣುತ್ತವೆ. ಚುಕ್ಕೆ ಎಲ್ಲಿದೆ, ಹೇಗೆ ಕೂತಿದೆ ಎಂಬುದನ್ನು ನೋಡಿ ಊಹಿಸಬೇಕು. ಕ್ಯಾನ್ಸರ್ ಚೆಲ್ಲಿದ ಕಾಳಿನ ಹಾಗೆ, ಹೇಗೆಂದರೆ ಹಾಗೆ ಬೀಳುತ್ತದೆ. ಪಕ್ಕೆಲುಬಿಗೆ ಬಂದರೆ ಅದರ ಉದ್ದಕ್ಕೂ ಹರಿಯುತ್ತದೆ. ಇವು ಒಂದರ ಕೆಳಗೊಂದು, ಸಾಲಾಗಿ ಕೂತಿದ್ದವು. ಸಾಲು ಕಂಡರೆ ಪೆಟ್ಟು ಎಂದು ನಮ್ಮ ಗುರುಗಳು ಹೇಳಿಕೊಟ್ಟಿದ್ದರು. ಆದರೆ ಪೆಟ್ಟು ಬಿದ್ದಿರಬೇಕಲ್ಲ.

ಆಕೆ ಎದ್ದು ಸೆರಗು ಸರಿಮಾಡಿಕೊಳ್ಳುವಾಗ ಕೇಳಿದೆ. "ಎಲ್ಲಾದ್ರೂ ಬಿದ್ದಿದ್ರಾ ಅಮ್ಮ? ಮೆಟ್ಟಿಲು, ಬಚ್ಚಲು, ಬಸ್ಸು?"

"ಇಲ್ಲ ಡಾಕ್ಟ್ರೇ."

"ಬೆನ್ನಿಗೆ ಏನಾದ್ರೂ ಪೆಟ್ಟು?"

"ಇಲ್ಲ."

"ನೋವು ಯಾವಾಗಿಂದ?"

"ಒಂದೂವರೆ ತಿಂಗ್ಳಾಯ್ತು. ಗ್ರೈಂಡರ್ ಗುಂಡು ಎತ್ತುವಾಗ ಬೆನ್ನು ಹಿಡ್ಕೊಂಡ್ತು. ಅದು ಬಿಟ್ಹೋಯ್ತು. ಇದು ಬೇರೆ ನೋವು, ಉಸ್ರು ಎಳ್ಕೊಂಡ್ರೆ ಚುಚ್ಚುತ್ತೆ."

"ಹಿಡ್ಕೊಂಡಿದ್ದು ಹೇಗೆ ಬಿಡ್ತು?"

ಆಕೆ ಗಾಜಿನ ಬಾಗಿಲಿನ ಕಡೆ ಒಮ್ಮೆ ನೋಡಿದರು. "ಹೆಂಗೋ ಬಿಡ್ತು" ಎಂದರು.

ಆಕೆಯನ್ನು ಎರಡನೇ ಸಲ ಕೇಳಿದೆ, ಮೂರನೇ ಸಲವೂ ಕೇಳಿದೆ. ನಾನು ಹಾಗೆ ಕೊರೆಯುವವಳೇ. ಅದಕ್ಕೇ ನಮ್ಮ ಆಸ್ಪತ್ರೆಯಲ್ಲಿ ನನಗೆ ಪೊಲೀಸ್ ಮೇಡಂ ಎಂದು ಹೆಸರು. ಆದರೆ ಇಲ್ಲ ಎಂದವರಿಂದ ಹೂಂ ಎನ್ನಿಸಲು ಆಗುತ್ತದೆಯೇ? ಕೊನೆಗೆ ಹಾವೂ ಸಾಯದ ಕೋಲೂ ಮುರಿಯದ ವರದಿಯೊಂದನ್ನು ಬರೆದೆ: ಚುಕ್ಕೆಗಳು ಸಾಲಾಗಿವೆ, ಪೆಟ್ಟಿನಿಂದ ಆಗಿರಬಹುದು, ಆದರೆ ಪೆಟ್ಟಾದ ಇತಿಹಾಸವಿಲ್ಲ, ಹರಡಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.

ಮಾರನೇ ದಿನವೇ ಸರ್ಜನ್ ಕೆಳಗಿಳಿದು ಬಂದರು. ಒಳ್ಳೆಯ ಕೈ ಇರುವ ಮನುಷ್ಯ, ಆದರೆ ತಾಳ್ಮೆ ಅಷ್ಟಕ್ಕಷ್ಟೆ. "ಮೇಡಂ, ನಿಮ್ಮ ವರದಿ ಓದಿ ನನಗೆ ಅರ್ಥವಾಗಿದ್ದು ಒಂದೇ, ನಿಮಗೂ ಗೊತ್ತಿಲ್ಲ ಅಂತ."

"ಗೊತ್ತಿಲ್ಲ ಅಂತ ಗೊತ್ತಾಗೋದೂ ಒಂದು ರಿಸಲ್ಟೇ ಸಾರ್" ಎಂದೆ. ಅವರು ನಗಲಿಲ್ಲ.

ಎಕ್ಸ್‌ರೇ ತೆಗೆಸಿದೆವು. ಏನೂ ಕಾಣಲಿಲ್ಲ. ಅದರಲ್ಲಿ ಆಶ್ಚರ್ಯವೇನಿಲ್ಲ, ಹಿಂಭಾಗದ ಪಕ್ಕೆಲುಬಿನ ಕೂದಲೆಳೆಯಂಥ ಬಿರುಕು ಎಕ್ಸ್‌ರೇಗೆ ಸಿಗುವುದು ಅಪರೂಪ. ಕ್ಯಾನ್ಸರ್ ಕೂಡ ಮೂಳೆಯನ್ನು ಸಾಕಷ್ಟು ತಿಂದ ಮೇಲೇ ಕಾಣುವುದು. ಮೈಯನ್ನು ಹೋಳು ಹೋಳಾಗಿ ಚಿತ್ರ ತೆಗೆಯುವ ಸಿ.ಟಿ. ಮಾಡಿದರು. ಆಗ ತೆಗೆಯುತ್ತಿದ್ದ ದಪ್ಪ ದಪ್ಪ ಹೋಳುಗಳಲ್ಲಿ ಒಂದು ಕಡೆ ಮೂಳೆ ಸ್ವಲ್ಪ ಉಬ್ಬಿದಂತೆ ಕಂಡಿತು, ಅಷ್ಟೆ. ವಾರಕ್ಕೊಮ್ಮೆ ಎಲ್ಲ ತಜ್ಞರೂ ಕೂತು ಕ್ಯಾನ್ಸರ್ ರೋಗಿಗಳ ಬಗ್ಗೆ ತೀರ್ಮಾನಿಸುವ ಸಭೆಯಲ್ಲಿ ಮೂಳೆಯಿಂದಲೇ ಚೂರು ತೆಗೆದು ಪರೀಕ್ಷಿಸೋಣ ಎಂದಾಯಿತು. ಆಪರೇಷನ್ ದಿನ ಮುಂದಕ್ಕೆ ಹೋಯಿತು.

ಪಕ್ಕೆಲುಬಿನಿಂದ ಚೂರು ತೆಗೆಯುವುದು ಮಾತಿನಷ್ಟು ಸುಲಭವಲ್ಲ. ಮೂಳೆ ಬೆರಳಿನಷ್ಟು ಅಗಲ, ಅದರ ಬೆನ್ನಿಗೇ ಶ್ವಾಸಕೋಶ. ಸೂಜಿ ಸ್ವಲ್ಪ ಜಾರಿದರೂ ಗಾಳಿ ಸೋರುತ್ತದೆ. ಚುಕ್ಕೆ ನನ್ನ ಕ್ಯಾಮೆರಾದಲ್ಲಿ ಮಾತ್ರ ಕಾಣುತ್ತಿದ್ದದ್ದರಿಂದ ಅದರ ಜಾಗವನ್ನು ಚರ್ಮದ ಮೇಲೆ ಗುರುತು ಹಾಕಿಕೊಡುವ ಕೆಲಸ ನನ್ನದಾಯಿತು. ಮತ್ತೆ ಇಂಜೆಕ್ಷನ್, ಮತ್ತೆ ಮೂರು ಗಂಟೆ, ಮತ್ತೆ ಗಾಜಿನ ಬಾಗಿಲಿನ ಆಚೀಚೆ ಇಬ್ಬರೂ ನೀರು ಕುಡಿದದ್ದು. ಆಕೆಯನ್ನು ಬೋರಲು ಮಲಗಿಸಿ, ತುದಿಯಲ್ಲಿ ಚೂರೇ ಚೂರು ವಿಕಿರಣ ವಸ್ತು ಇರುವ ಕಡ್ಡಿಯೊಂದನ್ನು ಬೆನ್ನ ಮೇಲೆ ಮೆಲ್ಲಗೆ ಸರಿಸುತ್ತಾ ಹೋದೆ. ಪರದೆಯಲ್ಲಿ ಕಡ್ಡಿಯ ಚುಕ್ಕೆ ಮೂಳೆಯ ಚುಕ್ಕೆಯ ಮೇಲೆ ಸರಿಯಾಗಿ ಕೂತಾಗ ಆ ಜಾಗದಲ್ಲಿ ಮಾರ್ಕರ್ ಪೆನ್ನಿನಿಂದ ಒಂದು ಇಂಟು ಗುರುತು. ಒಂದೇ ಸಾಕಿತ್ತು, ಆದರೆ ಯಾವುದು ಸುಲಭವೋ ನೋಡಿಕೊಳ್ಳಲಿ ಎಂದು ಐದನ್ನೂ ಗುರುತು ಮಾಡಿದೆ.

"ಚಳಿ ಆಗ್ತಿದೆಯಾ?" ಎಂದು ಕೇಳಿದೆ.

"ಇಲ್ಲ ಡಾಕ್ಟ್ರೇ. ನಿಮ್ ಕೈ ಹಗುರ ಇದೆ" ಎಂದರು. ಅಷ್ಟು ದಿನದಲ್ಲಿ ನಾನು ಕೇಳದೆ ಆಕೆ ಆಡಿದ ಮೊದಲ ಮಾತು ಅದು.

ಚೂರು ತೆಗೆದದ್ದೂ ಆಯಿತು, ಗಾಳಿ ಸೋರಲಿಲ್ಲ. ಸಂಜೆಯವರೆಗೆ ಮಲಗಿಸಿ, ಇನ್ನೊಂದು ಎಕ್ಸ್‌ರೇ ನೋಡಿ ಕಳಿಸಿದೆವು. ಹೊರಡುವ ಮುನ್ನ ಕಿರಿಯವರು ಪರದೆ ಎಳೆದುಕೊಂಡು ಅಕ್ಕನಿಗೆ ಬ್ಲೌಸ್ ತೊಡಿಸಿದರು. ಒಳಗೆ ಹೋಗುವಾಗ ಬಾಯಿ ತುಂಬ ಮಾತಾಡುತ್ತಿದ್ದವರು ಹೊರಗೆ ಬರುವಾಗ ಮೌನವಾಗಿದ್ದರು. ಸುಸ್ತಾಗಿರಬೇಕು ಎಂದುಕೊಂಡೆ.

ಪರೀಕ್ಷೆಯ ಫಲಿತಾಂಶ ಬಂದಾಗ ನಾನು ಲ್ಯಾಬಿಗೇ ಹೋಗಿ ಓದಿದೆ. ರಕ್ತ, ಸ್ವಲ್ಪ ಹೊಸ ಮೂಳೆ, ಕ್ಯಾನ್ಸರ್ ಕೋಶ ಕಂಡಿಲ್ಲ, ಮಾದರಿ ಸಾಲದು. ಮೇಲುನೋಟಕ್ಕೆ ಸಿಹಿ ಸುದ್ದಿ. ಆದರೆ ಕ್ಯಾನ್ಸರಿನ ಅಂಚಿನಲ್ಲೂ ಹೊಸ ಮೂಳೆ ಬೆಳೆಯುತ್ತದೆ, ಸೂಜಿ ಒಂದು ಕೂದಲೆಳೆ ಆಚೆ ಹೋಗಿದ್ದರೂ ಹೀಗೇ ಬರುತ್ತದೆ. ಸಭೆಯಲ್ಲಿ ಕೀಮೋ ತಜ್ಞರು ಅದನ್ನೇ ಹೇಳಿದರು. "ಕಾಣಲಿಲ್ಲ ಅಂದ್ರೆ ಇಲ್ಲ ಅಂತಲ್ಲ. ಐದು ಪಕ್ಕೆಲುಬು ಸುಮ್ಮನೆ ಕಪ್ಪಾಗುತ್ತಾ? ಪೆಟ್ಟೂ ಇಲ್ಲ. ಇನ್ನೆಷ್ಟು ದಿನ ಕಾಯೋಣ? ಕೀಮೋ ಶುರು ಮಾಡೋಣ." ನನ್ನ ಹತ್ತಿರ ಸಾಲು ಒಂದನ್ನು ಬಿಟ್ಟು ಬೇರೆ ವಾದವಿರಲಿಲ್ಲ. ಪೆಟ್ಟಿಲ್ಲದೆ ಸಾಲು ಹೇಗೆ ಬಂತು ಎಂದು ಅವರು ತಿರುಗಿ ಕೇಳಿದರು. ಸೋಮವಾರ ಕೀಮೋ, ಆಪರೇಷನ್ ರದ್ದು ಎಂದು ತೀರ್ಮಾನವಾಯಿತು.

ಶುಕ್ರವಾರ ಅವರನ್ನು ಕರೆಸಿ ಸರ್ಜನ್ ವಿಷಯ ಹೇಳಿದರು. ಮನೆಯವರೆಲ್ಲ ಬಂದಿದ್ದರು. ಆಪರೇಷನ್ ಬೇಡವಂತೆ ಎಂದು ಕೇಳಿ ಅವರಿಗೆ ಖುಷಿಯೇ ಆಯಿತಂತೆ. ಕತ್ತಿ ಇಡುವುದು ತಪ್ಪಿತಲ್ಲ, ದೇವರು ದೊಡ್ಡವನು ಎಂದರಂತೆ ಗಂಡ. ರೋಗಿ ಮಾತ್ರ ಸರ್ಜನ್ ಮುಖವನ್ನೇ ನೋಡುತ್ತಾ, "ಗಂಟು ಹಂಗೇ ಬಿಟ್ಬಿಡ್ತೀರಾ ಸಾರ್?" ಎಂದು ಕೇಳಿದರಂತೆ. ಆಮೇಲೆ ನನಗೆ ಇದನ್ನು ಹೇಳುವಾಗ ಸರ್ಜನ್ ಕನ್ನಡಕ ತೆಗೆದು ಒರೆಸಿಕೊಂಡರು. ತಾಳ್ಮೆಯಿಲ್ಲದ ಮನುಷ್ಯ ಎಂದೆನಲ್ಲ, ಮನಸ್ಸಿಲ್ಲದ ಮನುಷ್ಯ ಎನ್ನಲಿಲ್ಲ.

ಅದೇ ಶುಕ್ರವಾರ ಮಧ್ಯಾಹ್ನ ನಾನು ಡಬ್ಬಿ ಬಿಚ್ಚುತ್ತಿದ್ದಾಗ ಕಿರಿಯ ಓರಗಿತ್ತಿ ಒಬ್ಬರೇ ಮೆಟ್ಟಿಲಿಳಿದು ಬಂದರು. ಕಣ್ಣು ಊದಿಕೊಂಡಿದ್ದವು. ಕೂರಿ ಎಂದರೆ ಕೂರಲಿಲ್ಲ.

"ಡಾಕ್ಟ್ರೇ, ಒಂದ್ಮಾತು ಕೇಳ್ತೀನಿ, ಬೈಬಾರ್ದು. ತುಳಿದ್ರೆ ಕ್ಯಾನ್ಸರ್ ಹರಡುತ್ತಾ?"

ನನಗೆ ತಲೆಬುಡ ಅರ್ಥವಾಗಲಿಲ್ಲ. "ಯಾರು ಯಾರನ್ನ ತುಳಿದ್ರು?"

"ನಾನೇ. ಅಕ್ಕನ್ನ."

ಡಬ್ಬಿ ಮುಚ್ಚಿಟ್ಟೆ. ಅವರು ಗೋಡೆಗೆ ಒರಗಿ, ನೆಲ ನೋಡುತ್ತಾ ಹೇಳಿದರು.

"ನಾನು ಕಾಲು ಮುಂದಾಗಿ ಹುಟ್ದೋಳು. ನಮ್ ಬೀದೀಲಿ ಯಾರಿಗ್ ಬೆನ್ನು ಹಿಡ್ಕೊಂಡ್ರೂ ನನ್ ಹತ್ರಾನೇ ಬರ್ತಾರೆ. ಬಾಗ್ಲಲ್ಲಿ ಬಗ್ಗಿಸಿ ಮೂರ್ ಸಲ ಮೆಲ್ಲಗೆ ಒದೀತೀನಿ, ಬಿಟ್ಹೋಗುತ್ತೆ. ಅವತ್ತು ಅಕ್ಕಂಗೆ ಗುಂಡು ಎತ್ತುವಾಗ ಹಿಡ್ಕೊಂಡ್ತು. ಮೂರ್ ಸಲ ಒದ್ರೂ ಬಿಡ್ಲಿಲ್ಲ. ಅಕ್ಕಾನೇ ಬೋರಲು ಮಲ್ಕೊಂಡು, ಹತ್ತಿ ನಿಂತ್ಕೊಳ್ಳೇ ಅಂದ್ರು. ಕಿಟ್ಕಿ ಕಂಬಿ ಹಿಡ್ಕೊಂಡು ಎರಡೂ ಕಾಲಲ್ಲಿ ನಿಂತೆ. ಲಟಕ್ ಅಂತು. ಬಿಡ್ತು ಅಂತ ಇಬ್ರೂ ನಕ್ವಿ ಡಾಕ್ಟ್ರೇ. ನಗ್ತಾ ನಗ್ತಾ ಹಿಟ್ಟು ತೆಗೆದ್ವಿ."

ಮೂಗೊರೆಸಿಕೊಂಡರು.

"ಆಮೇಲೆ ಎದೇಲಿ ಗಂಟಿದೆ ಅಂತ ಗೊತ್ತಾಯ್ತು. ಮೊನ್ನೆ ಬ್ಲೌಸ್ ಹಾಕ್ತೀನಿ, ನಾನ್ ಕಾಲಿಟ್ಟಿದ್ ಜಾಗದಲ್ಲೇ ಇಂಟು ಮಾರ್ಕ್. ಬಲಗಾಲ್ ಇಟ್ಟಲ್ಲಿ ಮೂರು, ಎಡಗಾಲ್ ಇಟ್ಟಲ್ಲಿ ಎರಡು. ಎದೇಲಿದ್ದಿದ್ದನ್ನ ತುಳಿದು ತುಳಿದು ನಾನೇ ಬೆನ್ನಿಗೆ ಇಳಿಸ್ಬಿಟ್ಟೆ ಅಲ್ವಾ? ದೊಡ್ಡೋರ್ ಮೈ ತುಳಿದ್ಮೇಲೆ ಮುಟ್ಟಿ ಕಣ್ಣಿಗೊತ್ಕೋಬೇಕು. ಪ್ರತಿ ಸಲ ಒತ್ಕೋತೀನಿ. ಅವತ್ತು ನಗ್ತಾ ಮರ್ತೇಬಿಟ್ಟೆ. ಅದಕ್ಕೇ ಹಿಂಗಾಯ್ತೇನೋ."

ನನಗೆ ಒಟ್ಟಿಗೇ ಸಿಟ್ಟು ಬಂತು, ಸಂತೋಷವಾಯಿತು, ಅಳುವೂ ಬಂತು. ಇಷ್ಟು ದಿನ ನಾವು ಯಂತ್ರ, ಸೂಜಿ, ಸಭೆ ಎಂದು ಹುಡುಕುತ್ತಿದ್ದ ಪೆಟ್ಟು ಗಾಜಿನ ಬಾಗಿಲಿನ ಆಚೆ ಕೂತು ನೀರು ಕುಡಿಯುತ್ತಿತ್ತು. ಹೋಗಿ ಆಕೆಯ ಎರಡೂ ಕೈ ಹಿಡಿದುಕೊಂಡೆ.

"ನೋಡಿ, ತುಳಿದ್ರೆ ಕ್ಯಾನ್ಸರ್ ಹರಡಲ್ಲ. ಯಾವತ್ತೂ ಹರಡಲ್ಲ. ತುಳಿದ್ರೆ ಮೂಳೆ ಬಿರುಕು ಬಿಡುತ್ತೆ. ನಮ್ಮ ಸ್ಕ್ಯಾನಲ್ಲಿ ಕಂಡಿದ್ದು ಆ ಬಿರುಕೇ ಆಗಿದ್ರೆ ನಿಮ್ಮಕ್ಕಂಗೆ ಒಳ್ಳೇದೇ ಆಗುತ್ತೆ. ಇನ್ನೂ ನೋಡ್ಬೇಕು, ಮಾತು ಕೊಡಲ್ಲ. ಅಕ್ಕ ಎಲ್ಲಿ?"

ಹಿರಿಯವರು ಮೇಲೆ ಔಷಧಿ ಅಂಗಡಿಯ ಮುಂದೆ ಕೂತಿದ್ದರು. ಕರೆಸಿದೆ. ಓರಗಿತ್ತಿ ನನ್ನ ಕೋಣೆಯಲ್ಲಿ ಅಳುತ್ತಿರುವುದನ್ನು ಕಂಡು ಅವರಿಗೆ ಎಲ್ಲ ತಿಳಿಯಿತು. ನನ್ನನ್ನು ಬಿಟ್ಟು ಅವರನ್ನೇ ಗದರಿದರು. "ಹೇಳ್ಬೇಡ ಅಂದಿದ್ನಲ್ಲೇ!"

"ಹಂಗಂತ ಸುಮ್ನಿರ್ಲಾ? ನೀನು ಸತ್ಹೋದ್ರೆ?" ಎಂದರು ಕಿರಿಯವರು.

"ಯಾಕ್ರೀ ಮುಚ್ಚಿಟ್ರಿ?" ಎಂದೆ. ಧ್ವನಿ ಜೋರಾಯಿತು ಎಂದು ಕಾಣುತ್ತದೆ.

"ಬಿದ್ದಿದ್ರಾ ಅಂದ್ರಿ, ನಾನು ಬಿದ್ದಿರ್ಲಿಲ್ಲ. ಪೆಟ್ಟು ಅಂದ್ರಿ, ಇವಳು ನಂಗ್ ಹೊಡೆದಿದ್ಲಾ? ನಾನೇ ತುಳಿಸ್ಕೊಂಡಿದ್ದು" ಎಂದು ದನಿ ತಗ್ಗಿಸಿ, "ಮನೇಲಿ ಗೊತ್ತಾದ್ರೆ ಇವಳ್ನ ಬಿಡ್ತಾರಾ ಡಾಕ್ಟ್ರೇ? ಇವಳು ಬಂದ್ ವರ್ಷಾನೇ ನಮ್ ಮಾವ ಹೋದ್ರು. ಅವತ್ತಿಂದ ನಮ್ಮತ್ತೆ ಎದ್ರೆ ಕೂತ್ರೆ ಇವಳ ಕಾಲ್ಗುಣ ಅಂತಾರೆ. ಇನ್ನು ಈ ಕಾಲಲ್ಲೇ ನನ್ ತುಳಿದ್ಲು ಅಂತ ಗೊತ್ತಾದ್ರೆ..." ಎಂದು ನಿಲ್ಲಿಸಿದರು.

ಸೊಸೆ ಹೊಸಿಲು ದಾಟಿ ಬಂದ ಮೇಲೆ ಮನೆಗೆ ಒಳ್ಳೆಯದಾದರೆ ಅದು ಮನೆಯವರ ಪುಣ್ಯ, ಕೆಟ್ಟದಾದರೆ ಅವಳ ಕಾಲ್ಗುಣ. ಈ ಮಾತಿಗೆ ಯಾವ ಸ್ಕ್ಯಾನೂ ಇಲ್ಲ. ಆಪರೇಷನ್ನೂ ಹೋಗಲಿ, ಜೀವವೂ ಹೋಗಲಿ, ಓರಗಿತ್ತಿಯ ಮೇಲೆ ಆ ಮಾತು ಬರಬಾರದು ಎಂದು ಈ ಹೆಂಗಸು ಬಾಯಿ ಬಿಗಿಹಿಡಿದು ಕೂತಿದ್ದರು. ನಾನು ಮತ್ತೆ ಬೈಯಲಿಲ್ಲ.

ಪರದೆಯ ಹಿಂದೆ ಬೋರಲು ಮಲಗಿಸಿ ಬೆನ್ನು ನೋಡಿದೆ. ಗುರುತುಗಳು ಮಾಸಿದ್ದರೂ ಕಾಣುತ್ತಿದ್ದವು. ಎಲ್ಲಿ ಹೇಗೆ ನಿಂತಿರಿ, ತೋರಿಸಿ ಎಂದು ಕಿರಿಯವರಿಗೆ ಹೇಳಿದೆ. ಕಾಲೆತ್ತಬೇಡಿ, ಕೈಯಲ್ಲಿ ತೋರಿಸಿದರೆ ಸಾಕು. ಅದಕ್ಕೂ ಹಿಂಜರಿದರು. ಗುರುತು ಕಂಡ ದಿನದಿಂದ ಅಕ್ಕನ ಚಾಪೆಯನ್ನೂ ದಾಟುತ್ತಿರಲಿಲ್ಲವಂತೆ. ಕೊನೆಗೆ ಗೇಣುದ್ದ ಮೇಲೆಯೇ ಅಂಗೈ ಹಿಡಿದು ತೋರಿಸಿದರು: ಹಿಮ್ಮಡಿ ಇಲ್ಲಿ, ಬೆರಳು ಅಲ್ಲಿ, ಭಾರವೆಲ್ಲ ಬಲಗಾಲಿನ ಮೇಲೆ. ಅಂಗೈಯ ನೆರಳಿನ ಕೆಳಗೆ ನನ್ನ ಮೂರು ಗುರುತು ಸರಿಯಾಗಿ ಕೂತವು.

ಇನ್ನೂ ಕೆಲಸವಿತ್ತು. ಸಿ.ಟಿ. ಕೋಣೆಯವರನ್ನು ಕಾಡಿ ಬೇಡಿ ಆ ಐದು ಜಾಗಗಳಿಗೆ ಮಾತ್ರ ತೆಳುವಾದ ಹೋಳುಗಳನ್ನು ತೆಗೆಸಿದೆ. ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ ಕಣ್ಣಿಗೂ ಧೈರ್ಯ. ಎರಡು ಪಕ್ಕೆಲುಬಿನಲ್ಲಿ ಬಿರುಕಿನ ಗೆರೆ ಸ್ಪಷ್ಟವಾಗಿತ್ತು. ಐದರಲ್ಲೂ, ಮುರಿದ ಮೂಳೆ ಕೂಡಿಕೊಳ್ಳುವಾಗ ಕಟ್ಟುವ ಗಂಟು. ಮೂಳೆ ತಿಂದುಹೋದ ಗುರುತು ಎಲ್ಲೂ ಇರಲಿಲ್ಲ. ಹಳೆಯ ಕಾಗದ ತಿರುವಿದಾಗ ಮತ್ತೊಂದು ವಿಷಯವೂ ಸಿಕ್ಕಿತು. ಮೂವತ್ತರ ಸುಮಾರಿಗೇ ಆಕೆಯ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದಿದ್ದರು. ಅಂಥವರ ಮೂಳೆ ಬೇಗ ಟೊಳ್ಳಾಗುತ್ತದೆ. ಅದರ ಮೇಲೆ ಎಂಬತ್ತು ಕೇಜಿ ನಿಂತರೆ ಲಟಕ್ ಎನ್ನದೆ ಇನ್ನೇನು?

ಶನಿವಾರ ಬೆಳಿಗ್ಗೆ ಸರ್ಜನ್ ಕೋಣೆಯಲ್ಲೇ ಸಭೆ ಸೇರಿದೆವು. ನಾನು ಎಲ್ಲ ಹೇಳಿದೆ.

"ಒದೆಸಿಕೊಂಡು ಕ್ಯಾನ್ಸರ್ ವಾಸಿ ಮಾಡ್ಕೊಂಡ ಮೊದಲ ರೋಗಿ ಅನ್ನಿ" ಎಂದರು ಸರ್ಜನ್. ಈ ಸಲ ನಾನು ನಗಲಿಲ್ಲ.

ಕೀಮೋ ತಜ್ಞರು ಬಿಡಲಿಲ್ಲ. ಅವರ ಪ್ರಶ್ನೆ ನ್ಯಾಯವಾದದ್ದೇ. "ಕ್ಯಾನ್ಸರ್ ಇರೋ ಮೂಳೆ ತುಳಿದ್ರೂ ಮುರಿಯುತ್ತೆ ಮೇಡಂ. ಇನ್ನೂ ಬೇಗ ಮುರಿಯುತ್ತೆ."

"ಐದು ಕಡೆ, ಪಾದದ ಅಳತೆಗೇ, ಎಲ್ಲ ಒಂದೇ ಹದದಲ್ಲಿ ಕೂಡಿಕೊಳ್ತಾ ಇವೆ. ಇಡೀ ಮೈಯಲ್ಲಿ ಬೇರೆ ಒಂದು ಚುಕ್ಕೆ ಇಲ್ಲ" ಎಂದೆ. "ಆದ್ರೂ ನೂರಕ್ಕೆ ನೂರು ಅಂತ ನಾನು ಹೇಳಲಾರೆ. ಒಂದು ಮಾತು ಯೋಚನೆ ಮಾಡಿ. ಇದು ಪೆಟ್ಟು ಅಂತ ನಂಬಿ ಆಪರೇಷನ್ ಮಾಡಿ ನಮ್ಮದು ತಪ್ಪಾದ್ರೆ, ಒಂದು ಆಪರೇಷನ್ ದಂಡ. ಕೀಮೋ ಹೇಗೂ ಆಮೇಲೆ ಇದ್ದೇ ಇದೆ. ಹರಡಿದೆ ಅಂತ ನಂಬಿ ಗಂಟು ಒಳಗೇ ಬಿಟ್ಟು ಅದು ತಪ್ಪಾದ್ರೆ? ವಾಸಿಯಾಗೋಳನ್ನ ನಾವೇ ಕೊಂದ ಹಾಗೆ."

ಕೀಮೋ ತಜ್ಞರು ಸಿ.ಟಿ. ಫಿಲ್ಮನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಆಪರೇಷನ್ ಮೊದಲು, ಕೀಮೋ ಆಮೇಲೆ. ಆದ್ರೆ ಕೀಮೋ ಮುಗಿದ ಮೇಲೆ ಮತ್ತೆ ಮೂಳೆ ಸ್ಕ್ಯಾನ್ ಆಗ್ಲೇಬೇಕು. ಚುಕ್ಕೆ ಹೆಚ್ಚಾಗಿದ್ರೆ ನೀವೇ ಉತ್ತರ ಹೇಳಿ" ಎಂದರು.

"ಹೇಳ್ತೀನಿ" ಎಂದೆ.

ಸೋಮವಾರ ಕೀಮೋ ಬದಲು ಆಪರೇಷನ್ ಆಯಿತು. ಮನೆಯವರಿಗೆ ಬೆನ್ನಲ್ಲಿರುವುದು ಹಳೆಯ ಬಿರುಕು, ಭಾರ ಎತ್ತುವವರ ಟೊಳ್ಳು ಮೂಳೆಯಲ್ಲಿ ಆಗುತ್ತದೆ ಎಂದು ಹೇಳಿದೆವು. ಸುಳ್ಳೇನಲ್ಲ. ಭಾರ ಯಾವುದು ಎಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ನನ್ನ ವರದಿಯಲ್ಲೂ ಬೆನ್ನಿಗೆ ಒತ್ತಡ ಬಿದ್ದು ಆದ ಬಿರುಕುಗಳು ಎಂದಷ್ಟೇ ಬರೆದೆ. ಕಿರಿಯವರಿಗೆ ಮಾತ್ರ ಗಟ್ಟಿಯಾಗಿ ಹೇಳಿದೆ, ಇನ್ನು ಯಾರ ಬೆನ್ನನ್ನೂ ತುಳಿಯಬಾರದು ಎಂದು. "ಬೀದಿಯೋರ್ಗೆ ಏನ್ ಹೇಳ್ಲಿ?" ಎಂದರು. ಕಾಲಿನ ಶಕ್ತಿ ಹೋಯಿತು ಎನ್ನಿ ಎಂದೆ. ಆಕೆಗೆ ಆ ಉತ್ತರ ಹಿಡಿಸಲಿಲ್ಲ, ಆದರೂ ಹೂಂ ಎಂದರು.

ಆಮೇಲಿನ ತಿಂಗಳುಗಳಲ್ಲಿ ಹಿರಿಯವರು ಕೀಮೋಗೆ ಬಂದು ಹೋಗುವಾಗ ಮೆಟ್ಟಿಲ ಹತ್ತಿರ ಸಿಗುತ್ತಿದ್ದರು. ಕೂದಲು ಉದುರಿತು, ಹುಬ್ಬು ಉದುರಿತು, ಬಾಯಿ ಹುಣ್ಣಾಯಿತು. ಉಸಿರೆಳೆದರೆ ಚುಚ್ಚುತ್ತಿದ್ದ ನೋವು ಮಾತ್ರ ಹೋಗಿತ್ತು. ಒಳ್ಳೆಯ ಲಕ್ಷಣ ಎಂದುಕೊಳ್ಳುತ್ತಿದ್ದೆ, ಮರುಕ್ಷಣವೇ ಕೀಮೋದಿಂದಲೂ ನೋವು ಹೋಗಬಹುದು ಎಂದು ಹೆದರುತ್ತಿದ್ದೆ.

ಎಲ್ಲ ಮುಗಿದು ಮತ್ತೆ ಸ್ಕ್ಯಾನ್ ದಿನ ಬಂತು. ಇಂಜೆಕ್ಷನ್, ಮೂರು ಗಂಟೆ. ಗಾಜಿನ ಬಾಗಿಲಿನ ಒಳಗೆ ಒಬ್ಬರು, ಹೊರಗೆ ಒಬ್ಬರು, ಲೋಟಕ್ಕೆ ಲೋಟ ನೀರು. ಟೆಕ್ನಿಷಿಯನ್ನನ್ನು ಪಕ್ಕಕ್ಕೆ ಸರಿಸಿ ನಾನೇ ಪರದೆಯ ಮುಂದೆ ಕೂತೆ. ತಲೆ, ಕತ್ತು, ಹೆಗಲು. ಆಮೇಲೆ ಬೆನ್ನು. ಬಲಗಡೆ ಒಂದೇ ಒಂದು ಕಡೆ ಕಂಡೂ ಕಾಣದಂತೆ ಒಂದು ಮಸುಕು. ಉಳಿದದ್ದೆಲ್ಲ ಸ್ವಚ್ಛ. ಹೊಸ ಚುಕ್ಕೆ ಎಲ್ಲೂ ಇಲ್ಲ. ಕುರ್ಚಿಗೆ ಒರಗಿ ಕೂತುಬಿಟ್ಟೆ. ಮೇಡಂ, ನೀರು ಬೇಕಾ ಎಂದ ಟೆಕ್ನಿಷಿಯನ್. ಬೇಕು ಎಂದೆ.

ಇಬ್ಬರನ್ನೂ ಒಳಗೆ ಕರೆದು ಲೈಟ್ ಬಾಕ್ಸಿಗೆ ಎರಡು ಫಿಲ್ಮ್ ಸಿಕ್ಕಿಸಿದೆ, ಎಡಕ್ಕೆ ಹಳೆಯದು, ಬಲಕ್ಕೆ ಹೊಸದು. ಹಿರಿಯವರು ಹೊಸದನ್ನು ನೋಡಿ, "ಇದು ನಾನಾ? ಚೆನ್ನಾಗಿದೀನಲ್ಲ" ಎಂದು ಬೋಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. ಕಿರಿಯವರು ಹಳೆಯದನ್ನೇ ನೋಡುತ್ತಿದ್ದರು.

"ಇದು ನನ್ ಕಾಲಾ ಡಾಕ್ಟ್ರೇ?"

"ಹೂಂ. ನಿಮ್ಮ 'ಕಾಲ್ಗುಣ'. ಈಗ ಹೋಯ್ತು ನೋಡಿ" ಎಂದು ಹೊಸದನ್ನು ತೋರಿಸಿದೆ.

ಅವರು ಮುಂದೆ ಬಂದು ಬಲಗೈ ಚಾಚಿದರು. ಹಳೆಯ ಫಿಲ್ಮಿನ ಮೇಲೆ ಬಲಗಡೆಯ ಮೂರು ಚುಕ್ಕೆಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಎಡಗಡೆಯ ಎರಡನ್ನು ಮುಟ್ಟಿ ಮತ್ತೆ ಕಣ್ಣಿಗೊತ್ತಿಕೊಂಡರು. ಹಾಗೇ ಕಣ್ಣು ಮುಚ್ಚಿಕೊಂಡು ನಿಂತರು.

ಹಿರಿಯವರು ಅವರ ಮೊಣಕೈ ಹಿಡಿದು ಎಳೆದರು.

"ಆಯ್ತು ಬಾರೇ, ಉದ್ದು ನೆನೆದು ಎಷ್ಟೊತ್ತಾಯ್ತು."